ಪ್ಲಸ್ಸು ಮೈನಸ್ಸು ಅದಲುಬದಲಾದಾಗ

ಬ್ಯಾಟರಿಯ ಕೆಂಪು ವೈರು ಕಪ್ಪಿನ ಜಾಗಕ್ಕೆ ಹೋಗಿ, ಎಲ್298ಎನ್ ಮೋಟರ್ ಡ್ರೈವರ್‌ನಿಂದ ಸುಟ್ಟ ವಾಸನೆ ಬಂತೇ? ಗಾಬರಿಯಲ್ಲಿ ವೈರು ಸರಿಮಾಡಿ ಮತ್ತೆ ಸ್ವಿಚ್ ಒತ್ತಬೇಡಿ. ಅಷ್ಟಿಷ್ಟು ಉಳಿದಿದ್ದೂ ಹೋಗುವುದು ಆಗಲೇ.

ಬ್ಯಾಟರಿ, ಮೋಟರು, ಆರ್ಡುಯಿನೋ ಎಲ್ಲವನ್ನೂ ಕಳಚಿಡಿ. ಕೆಪ್ಯಾಸಿಟರ್‌ನ ನೆತ್ತಿ ಉಬ್ಬಿದ್ದರೆ ಹೊಸದು ಹಾಕಲೇಬೇಕು. ಉಲ್ಟಾ ವೋಲ್ಟೇಜನ್ನು ಅದು ಸಹಿಸುವುದಿಲ್ಲ.

ಹೆಚ್ಚಿನ ಪೆಟ್ಟು ಬೀಳುವುದು ಎಂಟು ಪುಟ್ಟ ಡಯೋಡ್‌ಗಳಿಗೆ. ಮೋಟರು ಹಿಂದಕ್ಕೆ ಒದೆಯುವ ವೋಲ್ಟೇಜನ್ನು ತಡೆಯಲು ಇಟ್ಟವು ಅವು. ಸಪ್ಲೈ ತಿರುಗಿದರೆ ಎರಡೆರಡು ಸಾಲಾಗಿ ನಿಂತು ಬ್ಯಾಟರಿಯನ್ನೇ ಶಾರ್ಟ್ ಮಾಡಿಬಿಡುತ್ತವೆ, ಪಾಪ! ಮಲ್ಟಿಮೀಟರನ್ನು ಡಯೋಡ್ ಮೋಡಿಗೆ ತಿರುಗಿಸಿ ಒಂದೊಂದನ್ನೂ ಮುಟ್ಟಿ ನೋಡಿ. ಒಂದು ದಿಕ್ಕಿಗೆ 0.5ರಿಂದ 0.7, ಪ್ರೋಬ್ ಅದಲುಬದಲು ಮಾಡಿದರೆ ‘ಓಎಲ್’ ಅಥವಾ ಬಹಳ ದೊಡ್ಡ ಅಂಕೆ ಬಂದರೆ ಜೀವವಿದೆ. ಎರಡೂ ಕಡೆ ಸೊನ್ನೆಯ ಹತ್ತಿರವೇ ನಿಂತರೆ ಆ ಡಯೋಡೋ ಅದಕ್ಕೆ ಅಂಟಿಕೊಂಡ ಚಿಪ್ಪೋ ಹೋಗಿದೆ.

ಎಲ್ಲ ಸರಿ ಕಂಡರೂ ನೇರ ಬ್ಯಾಟರಿ ಬೇಡ. ರೇಡಿಯೋ ರಿಪೇರಿಯವರ ಹಳೆಯ ಸೀರೀಸ್ ಲ್ಯಾಂಪಿನ ಉಪಾಯ ಇಲ್ಲೂ ನಡೆಯುತ್ತದೆ: 12 ವೋಲ್ಟಿನ ಬೈಕ್ ಇಂಡಿಕೇಟರ್ ಬಲ್ಬನ್ನು ಪ್ಲಸ್ ವೈರಿನ ನಡುವೆ ಸೇರಿಸಿ. ಬಲ್ಬು ಝಗ್ಗನೆ ಉರಿದರೆ ಒಳಗೆ ಶಾರ್ಟ್ ಇದೆ. ಉರಿಯದಿದ್ದರೆ 5 ವೋಲ್ಟಿನ ಪಿನ್ನು ಅಳೆಯಿರಿ. ರೆಗ್ಯುಲೇಟರ್ ಕೆಟ್ಟು ಅಲ್ಲಿ 12 ತೋರಿಸುತ್ತಿದ್ದರೆ ಆರ್ಡುಯಿನೋವನ್ನು ಹತ್ತಿರಕ್ಕೂ ತರಬೇಡಿ.

ಚಿಪ್ಪೇ ಹೋಗಿದ್ದರೆ ಹದಿನೈದು ಕಾಲು ಬಿಡಿಸಿ ಬೆಸುಗೆ ಹಾಕುವ ಹಟ ಬೇಡ, ಹೊಸ ಬೋರ್ಡೇ ವಾಸಿ. ಅದಕ್ಕೆ ಪ್ಲಸ್ ಕಡೆ ಒಂದು ಫ್ಯೂಸು, ಒಂದು ಶಾಟ್‌ಕಿ ಡಯೋಡ್ ಹಾಕಿಯೇ ವೈರು ಎಳೆಯಿರಿ.