ಉರು ಹೊಡೆಯುವ ಮುನ್ನ ಕತ್ತರಿ ಹಿಡಿಯಿರಿ

ಪೈಥಾಗೊರಸ್ ಪ್ರಮೇಯವನ್ನು ಮಗುವಿಗೆ ಬಾಯಿಪಾಠ ಮಾಡಿಸುವ ಮುಂಚೆ ಒಂದು ಸಂಜೆ ರಟ್ಟು, ಕತ್ತರಿ ಹಿಡಿದು ಜೊತೆಗೆ ಕೂರಿ. ಹಾಳೆಯಲ್ಲಿ 7 ಸೆಂ.ಮೀ. ಬಾಹುವಿನ ಚೌಕ ಬರೆಯಿರಿ. ಲಂಬಕೋನದ ಬಾಹುಗಳು 3 ಮತ್ತು 4 ಸೆಂ.ಮೀ. ಇರುವ ನಾಲ್ಕು ತ್ರಿಭುಜಗಳನ್ನು ಕತ್ತರಿಸಿ, ಪ್ರತಿ ಅಂಚಿನಲ್ಲೂ 3 ಮತ್ತು 4 ಕೂಡಿ ಬರುವಂತೆ ನಾಲ್ಕು ಮೂಲೆಗೆ ಇಡಿ. ನಡುವೆ ವಾರೆಯಾಗಿ ಉಳಿಯುವ ಚೌಕವೇ ವಿಕರ್ಣದ ವರ್ಗ: 49ರಲ್ಲಿ 24 ಕಳೆದರೆ 25.

ಈಗ ಅವೇ ತ್ರಿಭುಜಗಳನ್ನು ಎರಡೆರಡು ಸೇರಿಸಿ ಆಯತ ಮಾಡಿ. ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಮಲಗಿಸಿ ಎದುರುಬದುರು ಮೂಲೆಗೆ ಸರಿಸಿ. ಖಾಲಿ ಉಳಿಯುವುದು ಎರಡು ಚೌಕ: 9 ಮತ್ತು 16. ಮುಚ್ಚಿದ ಜಾಗ ಅಷ್ಟೇ, ಹಾಗಾಗಿ ಉಳಿದ ಜಾಗವೂ ಅಷ್ಟೇ!

ನಮ್ಮ ಪ್ರಾಚೀನ ಜ್ಯಾಮಿತಿ ಗ್ರಂಥ ಬೌಧಾಯನ ಶುಲ್ಬಸೂತ್ರ ಹಗ್ಗ ಹಿಡಿದು ಹೇಳಿದ್ದೂ ವಿಸ್ತೀರ್ಣದ ಮಾತನ್ನೇ. ಕಣ್ಣು ಕಂಡದ್ದನ್ನು ಪರೀಕ್ಷೆಯ ದಿನ ತಲೆ ಮರೆಯುವುದಿಲ್ಲ.