ಕೊಟ್ಟಿಗೆಗೆ ಸೌರ ಬೆಳಕು: ಕೊಳ್ಳಬೇಕಾದದ್ದು ಯಾವುದು, ನೀವೇ ಜೋಡಿಸಬಹುದಾದದ್ದು ಯಾವುದು?

— ಪಶುವೈದ್ಯ ವಿಸ್ತರಣಾಧಿಕಾರಿ



ಹೈನುಗಾರಿಕೆಯ ಮುಖ್ಯ ಕೆಲಸಗಳೆಲ್ಲ ಕತ್ತಲಿನ ಹೊತ್ತಿಗೇ ಬರುತ್ತವೆ. ಬೆಳಗಿನ ಹಾಲು ಕರೆಯುವುದು ಸೂರ್ಯ ಹುಟ್ಟುವ ಮೊದಲು. ಹಸು ಬೆದೆಗೆ ಬಂದ ಲಕ್ಷಣಗಳು ಹೆಚ್ಚಾಗಿ ಕಾಣುವುದು ರಾತ್ರಿ ಮತ್ತು ನಸುಕಿನಲ್ಲಿ. ಕರು ಹಾಕುವುದಕ್ಕಂತೂ ಹಗಲು ರಾತ್ರಿಯೆಂಬ ಭೇದವಿಲ್ಲ. ಇಂಥ ಹೊತ್ತಿನಲ್ಲಿ ಕರೆಂಟು ಹೋದರೆ ಆಗುವ ನಷ್ಟ ನಿಮಗೆ ತಿಳಿದದ್ದೇ. ಆದ್ದರಿಂದ ಕೊಟ್ಟಿಗೆಗೆ ಪ್ರತ್ಯೇಕವಾದ ಸಣ್ಣ ಸೌರ ದೀಪದ ವ್ಯವಸ್ಥೆ ಬಹಳ ಉಪಯುಕ್ತ. ಇದನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆಯನ್ನು ಈ ಪಾಠದಲ್ಲಿ ತಿಳಿಯೋಣ.

ಫಲಕವನ್ನೇ ಮನೆಯಲ್ಲಿ ತಯಾರಿಸಬಹುದೇ?

ಸೌರ ಫಲಕವೆಂದರೆ ಸಿಲಿಕಾನ್ ಎಂಬ ವಸ್ತುವಿನ ತೆಳು ಬಿಲ್ಲೆಗಳ ಜೋಡಣೆ. ಇವಕ್ಕೆ ಸೌರಕೋಶ ಎಂದು ಹೆಸರು. ಒಂದು ಕೋಶದಿಂದ ಬರುವುದು ಸುಮಾರು ಅರ್ಧ ವೋಲ್ಟ್ ಮಾತ್ರ. 36 ಕೋಶಗಳನ್ನು ಸಾಲಾಗಿ ಬೆಸೆದಾಗ ಸುಮಾರು 18 ವೋಲ್ಟ್ ಬರುತ್ತದೆ. 12 ವೋಲ್ಟಿನ ಬ್ಯಾಟರಿ ತುಂಬಲು ಅಷ್ಟು ಬೇಕು.

ಬಿಡಿ ಕೋಶಗಳನ್ನು ತಂದು ಬೆಸುಗೆ ಹಾಕಿ, ಗಾಜಿನ ಕೆಳಗೆ ಕೂರಿಸಿದರೆ ವಿದ್ಯುತ್ ಬರುವುದು ನಿಜ. ಶಾಲಾ ಮಕ್ಕಳ ಪ್ರಯೋಗಕ್ಕೆ ಅದು ಚೆನ್ನ. ಆದರೆ ಮಾಡಿನ ಮೇಲೆ ಕಾಯಂ ಇಡಲು ತಕ್ಕದ್ದಲ್ಲ. ಕೋಶ ಹಪ್ಪಳಕ್ಕಿಂತ ತೆಳುವಾಗಿದ್ದು ಬೇಗ ಬಿರಿಯುತ್ತದೆ. ಕಾರ್ಖಾನೆಯಲ್ಲಿ ಕೋಶಗಳ ಸುತ್ತಲಿನ ಗಾಳಿಯನ್ನು ಹೀರಿ ತೆಗೆದು, ಬಿಸಿಯಲ್ಲಿ ಪಾರದರ್ಶಕ ಹಾಳೆಯನ್ನು ಕರಗಿಸಿ ಗಾಜಿಗೆ ಅಂಟಿಸುತ್ತಾರೆ. ಮನೆಯಲ್ಲಿ ಅದು ಸಾಧ್ಯವಿಲ್ಲ. ಒಂದೆರಡು ಮಳೆಗಾಲದಲ್ಲಿ ತೇವ ಒಳಹೊಕ್ಕು ಬೆಸುಗೆ ತುಕ್ಕು ಹಿಡಿಯುತ್ತದೆ. ಕೆಟ್ಟ ಬೆಸುಗೆ ವಿಪರೀತ ಬಿಸಿಯೇರುವುದೂ ಉಂಟು. ಕೆಳಗೆ ಒಣಹುಲ್ಲು ಇದ್ದರೆ ಬೆಂಕಿಯ ಭಯ.

ಆದ್ದರಿಂದ ಫಲಕವನ್ನು ಕೊಂಡು ತನ್ನಿ, ಉಳಿದದ್ದನ್ನು ನೀವೇ ಜೋಡಿಸಿ. ಒಳ್ಳೆಯ ಫಲಕ 20–25 ವರ್ಷ ಬಾಳುತ್ತದೆ. ಕೊಳ್ಳುವಾಗ ಐ.ಎಸ್. 14286 ಗುರುತು, ಖಾತರಿ ಪತ್ರ ಮತ್ತು ರಸೀದಿ ಕೇಳಿ ಪಡೆಯಿರಿ. ಜೋಡಣೆಗೆ ಹೆದರಬೇಕಾಗಿಲ್ಲ. ರಾಜಸ್ಥಾನದ ತಿಲೋನಿಯಾದಲ್ಲಿರುವ ಬೇರ್‌ಫೂಟ್ ಕಾಲೇಜಿನಲ್ಲಿ ಓದು ಬರಹ ತಿಳಿಯದ ಹಳ್ಳಿಯ ಹೆಂಗಸರೂ ಬಣ್ಣದ ಗುರುತಿನಿಂದಲೇ ಸೌರ ದೀಪಗಳ ಜೋಡಣೆ, ದುರಸ್ತಿ ಕಲಿತಿದ್ದಾರೆ.

ಎಷ್ಟು ದೊಡ್ಡದು ಬೇಕು?

ಮೊದಲು ಖರ್ಚಿನ ಲೆಕ್ಕ ಹಾಕಿ. ನಾಲ್ಕೈದು ರಾಸುಗಳ ಕೊಟ್ಟಿಗೆಗೆ ಒಂದು ದಿನಕ್ಕೆ:

1. ಹಾಲು ಕರೆಯುವ ಜಾಗಕ್ಕೆ 5 ವಾಟಿನ ಎಲ್‌ಇಡಿ ಬಲ್ಬು, 3 ಗಂಟೆ: 15 ವಾಟ್-ಗಂಟೆ
2. ಕರು ಕಟ್ಟುವ ಜಾಗಕ್ಕೆ 5 ವಾಟಿನ ಬಲ್ಬು, 2 ಗಂಟೆ: 10
3. ರಾತ್ರಿಯಿಡೀ ಉರಿಯುವ 1 ವಾಟಿನ ಬಲ್ಬು, 11 ಗಂಟೆ: 11
4. ಒಂದು ಮೊಬೈಲ್ ಚಾರ್ಜ್ ಮಾಡಲು: 20

ಒಟ್ಟು 56 ವಾಟ್-ಗಂಟೆ. 40 ವಾಟಿನ ಫಲಕಕ್ಕೆ ದಿನಕ್ಕೆ 4 ಗಂಟೆಯ ಪೂರ್ಣ ಬಿಸಿಲು ಎಂದು ಹಿಡಿದರೆ 160 ವಾಟ್-ಗಂಟೆ ಆಗುತ್ತದೆ. ಬಿಸಿ, ಧೂಳು, ತಂತಿ, ಬ್ಯಾಟರಿಯ ನಷ್ಟ ಕಳೆದು ಸುಮಾರು 110 ಕೈಗೆ ಸಿಗುತ್ತದೆ. ಇದು ಖರ್ಚಿನ ಎರಡರಷ್ಟು. ಮೋಡದ ದಿನಗಳಿಗಾಗಿ ಈ ಹೆಚ್ಚುವರಿ ಬೇಕೇ ಬೇಕು. ಮಲೆನಾಡು, ಕರಾವಳಿಯ ಸದಸ್ಯರು 75 ವಾಟಿನ ಫಲಕ ಹಾಕುವುದು ಉತ್ತಮ.

12 ವೋಲ್ಟ್, 20 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 240 ವಾಟ್-ಗಂಟೆ ಹಿಡಿಯುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಸ್ಸು ತಗ್ಗುತ್ತದೆ. ಉಳಿದ ಅರ್ಧ ನಿಮ್ಮ ಎರಡು ದಿನದ ಖರ್ಚಿಗೆ ಸಾಕು. ಅದಕ್ಕೂ ಹೆಚ್ಚು ದಿನ ಬಿಸಿಲು ಬಾರದಿದ್ದರೆ ಹಾಲು ಕರೆಯುವ ಬಲ್ಬನ್ನು ಮಾತ್ರ ಉರಿಸಿ.

ಇನ್ನೊಂದು ಮಾತು. 1 ಅಶ್ವಶಕ್ತಿಯ ಮೋಟಾರು ಎಂದರೆ 746 ವಾಟ್. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರ ಇದರಿಂದ ನಡೆಯುವುದಿಲ್ಲ. ಇದು ಬೆಳಕಿಗೆ ಮಾತ್ರ.

ಬೇಕಾಗುವ ಸಾಮಾನು

ಫಲಕ, ಬ್ಯಾಟರಿ, 12 ವೋಲ್ಟ್ 10 ಆಂಪಿಯರಿನ ಚಾರ್ಜ್ ಕಂಟ್ರೋಲರ್, 12 ವೋಲ್ಟ್ ಡಿ.ಸಿ. ಎಲ್‌ಇಡಿ ಬಲ್ಬುಗಳು, 2.5 ಚದರ ಮಿಲಿಮೀಟರಿನ ಕೆಂಪು ಮತ್ತು ಕಪ್ಪು ತಾಮ್ರದ ತಂತಿ, 10 ಆಂಪಿಯರಿನ ಫ್ಯೂಸು, ಸ್ವಿಚ್ಚುಗಳು, ಪಿವಿಸಿ ಪೈಪು. ಬ್ಯಾಟರಿ ಅತಿಯಾಗಿ ತುಂಬದಂತೆ, ಪೂರಾ ಖಾಲಿಯಾಗದಂತೆ ಕಾಯುವುದು ಕಂಟ್ರೋಲರ್. ಅದನ್ನು ಬಿಟ್ಟು ಫಲಕವನ್ನು ನೇರವಾಗಿ ಬ್ಯಾಟರಿಗೆ ಕೊಡಬೇಡಿ.

ಜೋಡಿಸುವ ಕ್ರಮ

1. ಮರದ ಕೊಂಬೆ, ತಂತಿ ಕಂಬ, ನೀರಿನ ತೊಟ್ಟಿ ಇವುಗಳ ನೆರಳು ಬೀಳದ ಜಾಗ ಆರಿಸಿ. ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸುವ ಸಾಲಿನಲ್ಲಿ ಒಬ್ಬರು ನಿಂತರೆ ಇಡೀ ಸಾಲು ನಿಲ್ಲುವಂತೆ, ಒಂದು ಕೋಶಕ್ಕೆ ನೆರಳು ಬಿದ್ದರೂ ಫಲಕದ ಉತ್ಪತ್ತಿ ಬಹಳ ತಗ್ಗುತ್ತದೆ.

2. ಫಲಕದ ಮುಖ ದಕ್ಷಿಣಕ್ಕಿರಲಿ. ನಮ್ಮ ರಾಜ್ಯಕ್ಕೆ ಸುಮಾರು 15 ಡಿಗ್ರಿ ಓರೆ ಸಾಕು. ಅಂದರೆ ಪ್ರತಿ ಅಡಿ ಉದ್ದಕ್ಕೆ ಉತ್ತರದ ಅಂಚು 3 ಅಂಗುಲ ಎತ್ತರ. ಗಾಳಿಗೆ ಹಾರದಂತೆ ಕಬ್ಬಿಣದ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿಯಿರಿ. ಹುಲ್ಲಿನ ಮಾಡಾದರೆ ಪಕ್ಕದಲ್ಲಿ ಪ್ರತ್ಯೇಕ ಕಂಬ ನೆಡಿ.

3. ಬ್ಯಾಟರಿಯ ಕೆಂಪು ತಂತಿಗೆ, ಬ್ಯಾಟರಿಯ ಹತ್ತಿರದಲ್ಲೇ, ಫ್ಯೂಸು ಹಾಕಿ. 12 ವೋಲ್ಟಿನಿಂದ ಷಾಕ್ ತಗಲುವ ಭಯವಿಲ್ಲ. ಆದರೆ ಎರಡು ತಂತಿ ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತುವಷ್ಟು ಬಿಸಿಯಾಗುತ್ತದೆ.

4. ಕಂಟ್ರೋಲರಿನಲ್ಲಿ ಫಲಕ, ಬ್ಯಾಟರಿ, ಬಲ್ಬಿನ ಚಿತ್ರಗಳಿರುತ್ತವೆ. ಮೊದಲು ಬ್ಯಾಟರಿ, ಆಮೇಲೆ ಫಲಕ, ಕೊನೆಗೆ ಬಲ್ಬುಗಳನ್ನು ಸೇರಿಸಿ. ಕಳಚುವಾಗ ಇದರ ಹಿಮ್ಮುಖ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಪ್ಪಬಾರದು.

5. ತಂತಿಗಳನ್ನು ರಾಸುಗಳ ಬಾಯಿಗೆ, ಕೊಂಬಿಗೆ ಎಟುಕದ ಎತ್ತರದಲ್ಲಿ ಪೈಪಿನೊಳಗೆ ಎಳೆಯಿರಿ. ಇಲಿ ಕಡಿಯುವುದೂ ತಪ್ಪುತ್ತದೆ.

ಮನೆಯ 230 ವೋಲ್ಟಿನ ಲೈನಿಗೆ ಇದನ್ನು ಎಂದೂ ಸೇರಿಸಬೇಡಿ. ಒದ್ದೆ ನೆಲದ ಮೇಲೆ ನಾಲ್ಕು ಕಾಲೂರಿ ನಿಂತ ಹಸುವಿಗೆ ಮನುಷ್ಯನಿಗಿಂತ ಬೇಗ ಷಾಕ್ ತಗಲುತ್ತದೆ. ಕೊಟ್ಟಿಗೆಯಲ್ಲಿ ಜೋತಾಡುವ ಹಳೆಯ ಕರೆಂಟು ತಂತಿಗಳಿದ್ದರೆ ತಿಳಿದವರಿಂದ ತೆಗೆಸಿರಿ.

ಬ್ಯಾಟರಿ ಮತ್ತು ರಾಸುಗಳು: ಬಹಳ ಎಚ್ಚರಿಕೆ

ಪಶುವೈದ್ಯನಾಗಿ ನಾನು ಒತ್ತಿ ಹೇಳಬೇಕಾದದ್ದು ಇದು. ಬ್ಯಾಟರಿಯೊಳಗೆ ಇರುವುದು ಸೀಸ. ದನಕರುಗಳಿಗೆ, ವಿಶೇಷವಾಗಿ ಕರುಗಳಿಗೆ, ಸಿಕ್ಕಿದ್ದನ್ನು ನೆಕ್ಕುವ ಸ್ವಭಾವ. ಒಡೆದ ಬ್ಯಾಟರಿಯ ತಗಡನ್ನು ನೆಕ್ಕಿದರೂ ಸೀಸದ ವಿಷವೇರುತ್ತದೆ. ಕಣ್ಣು ಕಾಣದಾಗುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಹಲ್ಲು ಕಡಿಯುವುದು, ಮೈ ನಡುಗಿ ಬಿದ್ದು ಒದ್ದಾಡುವುದು ಇದರ ಲಕ್ಷಣಗಳು. ಹುಚ್ಚುನಾಯಿ ರೋಗದಲ್ಲೂ ಇಂಥವೇ ಕಾಣಬಹುದಾದ್ದರಿಂದ ಬಾಯಿಗೆ ಕೈ ಹಾಕದೆ ಕೂಡಲೇ ವೈದ್ಯರನ್ನು ಕರೆಯಿರಿ. ಸೀಸ ಹಾಲಿಗೂ ಇಳಿಯುತ್ತದೆ. ಅಂಥ ರಾಸಿನ ಹಾಲನ್ನು ಡೇರಿಗೂ ಹಾಕಬಾರದು, ಮನೆಗೂ ಬಳಸಬಾರದು.

ಆದ್ದರಿಂದ ಬ್ಯಾಟರಿಯನ್ನು ಕೊಟ್ಟಿಗೆಯಿಂದ ಹೊರಗೆ, ಗಾಳಿಯಾಡುವ ಜಾಗದಲ್ಲಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಎತ್ತರಕ್ಕೆ ಇಡಿ. ಗಂಜಲದ ಆವಿಯಿಂದ ಅದರ ತುದಿಗಳು ಕಿಲುಬು ಹಿಡಿಯುವುದೂ ಹೀಗೆ ತಪ್ಪುತ್ತದೆ. ಬ್ಯಾಟರಿಯಿಂದ ಹತ್ತಿ ಉರಿಯುವ ಅನಿಲ ಹೊರಡುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ, ಒಡೆಯದೆ ಅಂಗಡಿಗೇ ಹಿಂತಿರುಗಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಉದ್ದೇಶವೂ ಇದೇ.

ನಿರ್ವಹಣೆ

ಎರಡು ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಫಲಕವನ್ನು ನೀರು, ಮೆತ್ತನೆ ಬಟ್ಟೆಯಿಂದ ಒರೆಸಿ. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿ ನೀರು, ಬೋರ್‌ವೆಲ್ ನೀರು ಬೇಡ. ತುದಿಗಳಿಗೆ ವ್ಯಾಸಲೀನ್ ಸವರಿ.

ಬೆಳಕಿನ ಸದುಪಯೋಗ

ದೀಪ ಹಾಕಿದ ಮಾತ್ರಕ್ಕೆ ಲಾಭ ಬಾರದು. ಹಾಲು ಕರೆಯುವ ಮೊದಲು ಪ್ರತಿ ಮೊಲೆಯ ಮೊದಲ ನಾಲ್ಕು ಧಾರೆಯನ್ನು ಕಪ್ಪು ತಟ್ಟೆಗೆ ಕರೆದು ಬೆಳಕಿನಲ್ಲಿ ನೋಡಿ. ಗೆಡ್ಡೆ, ರಕ್ತ, ನೀರಿನಂಥ ಹಾಲು ಕಂಡರೆ ಕೆಚ್ಚಲು ಬಾವಿನ ಸೂಚನೆ. ರಾತ್ರಿ ಮಲಗುವ ಮುನ್ನ ಕಾಲು ಗಂಟೆ ರಾಸುಗಳನ್ನು ಗಮನಿಸಿ. ರಾತ್ರಿ ಬೆದೆ ಕಂಡರೆ ಮರುದಿನ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಅಂದು ಸಂಜೆ ಕೃತಕ ಗರ್ಭಧಾರಣೆ ಮಾಡಿಸಿ. ನೀರು ಚೀಲ ಒಡೆದು ಎರಡು ಗಂಟೆಯಾದರೂ ಕರು ಹೊರಬಾರದಿದ್ದರೆ ಬೆಳಗಾಗಲೆಂದು ಕಾಯದೆ ವೈದ್ಯರಿಗೆ ತಿಳಿಸಿ.

ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಟ್ಟುಕೊಂಡರೆ ಒಂದು ಕೆಚ್ಚಲು, ಒಂದು ಬೆದೆ, ಒಂದು ಕರು ಉಳಿದೀತು. ಹಾಕಿದ ಹಣಕ್ಕೆ ಅದೇ ಪ್ರತಿಫಲ.