ಬೆಟ್ಟದ ದೀರ್ಘ ಓಟ: ದೇಹಬಲ ಮತ್ತು ಜೊತೆಗಾರನ ಧರ್ಮ

ಕಳೆದ ಮಾಘಮಾಸದಲ್ಲಿ ರಾಯಚರ್ಲು ಕಡೆಯ ಯುವಕರೊಬ್ಬರು ತಮ್ಮ ತಂದೆಯವರೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ರೋಗವೇನೂ ಇರಲಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಒಂದೇ ದಿನದಲ್ಲಿ ಐದು ಸಲ ಹತ್ತಿ ಇಳಿಯಬೇಕೆಂಬುದು ಆ ಯುವಕನ ಸಂಕಲ್ಪ. ಮುಂದೆ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾ ಎಂಬ ದೀರ್ಘ ಓಟದಲ್ಲಿ ಪಾಲ್ಗೊಳ್ಳುವ ಆಸೆಯೂ ಇತ್ತು. “ಬೇಡವೆಂದು ನೀವಾದರೂ ಹೇಳಿ ಡಾಕ್ಟ್ರೇ” ಎಂದರು ತಂದೆ. ನಾವು ಬೇಡವೆನ್ನಲಿಲ್ಲ. “ಜೊತೆಗೆ ಯಾರು ಬರುತ್ತಾರಪ್ಪ?” ಎಂದಷ್ಟೇ ಕೇಳಿದೆವು. “ಜೊತೆ ಯಾಕೆ ಸರ್, ಓಡುವವನು ನಾನೊಬ್ಬನೇ ತಾನೆ?” ಎಂಬ ಉತ್ತರ ಬಂದಿತು. ಆ ಉತ್ತರವೇ ಈ ತಿಂಗಳ ಲೇಖನಕ್ಕೆ ಕಾರಣ.

ಒಂದು ಹಳೆಯ ನಿದರ್ಶನ

ಇಂಗ್ಲೆಂಡಿನ ಕೆಸ್ವಿಕ್ ಎಂಬ ಊರಿನಲ್ಲಿ ಬಾಬ್ ಗ್ರಹಾಂ ಎಂಬ ವಸತಿಗೃಹದ ಮಾಲೀಕರಿದ್ದರು. 1932ರ ಜೂನ್ ತಿಂಗಳಲ್ಲಿ ಅವರು ತಮ್ಮ ಸೀಮೆಯ 42 ಶಿಖರಗಳನ್ನು 24 ಗಂಟೆಯೊಳಗೆ ಸುತ್ತಿ ಬಂದರು. ತೆಗೆದುಕೊಂಡ ಸಮಯ 23 ಗಂಟೆ 39 ನಿಮಿಷ. ಕಾಲಿಗೆ ಟೆನಿಸ್ ಬೂಟು. ಆಹಾರವೆಂದರೆ ಬೆಣ್ಣೆ ಸವರಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹಣ್ಣು, ಸಿಹಿ. ಆ ಮಾರ್ಗ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ದೂರ ಸುಮಾರು 106 ಕಿಲೋಮೀಟರ್. ಒಟ್ಟು ಏರು ಸುಮಾರು 8,200 ಮೀಟರ್. ಮಧುಗಿರಿ ಬೆಟ್ಟವು ಪಟ್ಟಣದ ನೆಲದಿಂದ ಸುಮಾರು 400 ಮೀಟರ್ ಮೇಲಕ್ಕೆದ್ದಿದೆ. ಅಂದರೆ ಒಂದು ಹಗಲು ಒಂದು ರಾತ್ರಿಯಲ್ಲಿ ಮಧುಗಿರಿಯನ್ನು ಇಪ್ಪತ್ತು ಸಲ ಹತ್ತಿದಷ್ಟು ಶ್ರಮವಾಯಿತು!

ಈ ಸಾಹಸವನ್ನು ಮತ್ತೊಬ್ಬರು ಸಾಧಿಸಲು 1960ರವರೆಗೆ, ಇಪ್ಪತ್ತೆಂಟು ವರ್ಷ ಕಾಯಬೇಕಾಯಿತು. ಆದರೆ ಭಕ್ತರು ಗಮನಿಸಬೇಕಾದ ಅಂಶ ಬೇರೊಂದಿದೆ. ಗ್ರಹಾಂ ಒಬ್ಬರೇ ಓಡಲಿಲ್ಲ. ಹಂತಹಂತವಾಗಿ ಗೆಳೆಯರು ಅವರ ಜೊತೆಯಲ್ಲಿದ್ದರು. ಇಂದಿಗೂ ಆ ಮಾರ್ಗವನ್ನು ಮುಗಿಸಿದವರನ್ನು ಸಂಘದ ಸದಸ್ಯರೆಂದು ಒಪ್ಪಬೇಕಾದರೆ ಪ್ರತಿ ಶಿಖರದಲ್ಲಿಯೂ ಸಾಕ್ಷಿಯಾಗಿ ಜೊತೆಗಾರನಿರಬೇಕು. ಇಂಥವರನ್ನು ಪೇಸರ್ ಎನ್ನುತ್ತಾರೆ. ದಾರಿ ನೋಡುವುದು, ಆಹಾರ ನೀರು ಹೊರುವುದು, ವೇಗ ಹದದಲ್ಲಿಡುವುದು ಅವರ ಕೆಲಸ. ಹೆಸರು ಮಾತ್ರ ಓಡಿದವನದು.

ನಮ್ಮದೇ ಒಂದು ತಪ್ಪು

ಇದು ನಮ್ಮವರಿಗೆ ಹೊಸದಲ್ಲ. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಭಕ್ತಸಮೂಹ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತದೆ. ಆತ್ಮಕೂರು, ವೆಂಕಟಾಪುರ ದಾಟಿ ನಲ್ಲಮಲ ಅರಣ್ಯ ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳದ ಮೂಲಕ ಕೈಲಾಸದ್ವಾರಕ್ಕೆ ಏರುವ ಈ ದಾರಿಯಲ್ಲಿ ನೀರು, ಪ್ರಸಾದ, ಪಾದಗಳ ಉಪಚಾರ ನೀಡುವ ದಾಸೋಹಿಗಳಿದ್ದಾರೆ.

ಸುಮಾರು ಮೂವತ್ತೈದು ವರ್ಷಗಳ ಹಿಂದೆ ನಾವೂ ಆ ದಾರಿಯಲ್ಲಿ ನಡೆದೆವು. ನಮಗಿಂತ ಹಿರಿಯರಾದ ಗೆಳೆಯರೊಬ್ಬರು ಜೊತೆಗಿದ್ದರು. ಭೀಮನಕೊಳ್ಳದಲ್ಲಿ ಅವರು ಕುಳಿತುಬಿಟ್ಟರು, ಮಾತು ಕಡಿಮೆಯಾಗಿತ್ತು. “ನೀವು ಮುಂದೆ ನಡೀರಿ, ನಾನು ಬರ್ತೀನಿ” ಎಂದರು. ಕಾಲಲ್ಲಿ ಬಲವಿದ್ದ ನಾವು ಮೆಟ್ಟಿಲೇರಿ ಹೊರಟೇಬಿಟ್ಟೆವು. ಮೇಲೆ ಎಷ್ಟು ಹೊತ್ತು ಕಾದರೂ ಅವರು ಬರಲಿಲ್ಲ. ಕಡೆಗೆ, ಪರಿಚಯವೇ ಇಲ್ಲದ ನಾಲ್ವರು ಯಾತ್ರಿಕರು ಅವರನ್ನು ಕಂಬಳಿಯಲ್ಲಿ ಹೊತ್ತು ತಂದರು. ಮೈ ಕೆಂಡದಂತಿತ್ತು; ನಮ್ಮ ಗುರುತೂ ಅವರಿಗೆ ಸಿಗಲಿಲ್ಲ. ಮಲ್ಲಯ್ಯನ ದಯೆ, ಆ ನಾಲ್ವರ ದಯೆ, ಅವರು ಉಳಿದರು. ವೈದ್ಯಪದವಿ ಪಡೆದಿದ್ದ ನಾವು ಕುಳಿತವರ ಮುಖವನ್ನು ಓದದೆ ಹೋದೆವು. ಅಂದಿನಿಂದ ಬೆಟ್ಟದ ಮಾತು ಬಂದಾಗಲೆಲ್ಲ ಮೊದಲು ಜೊತೆಗಾರನನ್ನೇ ವಿಚಾರಿಸುತ್ತೇವೆ.

ಆಯುರ್ವೇದದ ದೃಷ್ಟಿ

ವ್ಯಾಯಾಮವನ್ನು ಅರ್ಧಬಲಕ್ಕೆ ನಿಲ್ಲಿಸಬೇಕೆಂದು ಸುಶ್ರುತರೂ ವಾಗ್ಭಟರೂ ವಿಧಿಸಿದ್ದಾರೆ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಉಸಿರನ್ನು ಬಾಯಿಯಿಂದ ಎಳೆಯುವಂತಾದರೆ ಅದೇ ಅರ್ಧಬಲದ ಗುರುತು. ಬಲಶಾಲಿಗಳಿಗೆ, ಜಿಡ್ಡಿನ ಆಹಾರ ಸೇವಿಸುವವರಿಗೆ, ಶೀತಕಾಲ ಮತ್ತು ವಸಂತದಲ್ಲಿ ಇಷ್ಟು ವ್ಯಾಯಾಮ ಸಲ್ಲುತ್ತದೆ. ಉಳಿದ ಋತುಗಳಲ್ಲಿ ಇನ್ನೂ ಮೃದುವಾಗಿರಬೇಕು. ಅತಿವ್ಯಾಯಾಮದಿಂದ ಬಾಯಾರಿಕೆ, ಧಾತುಕ್ಷಯ, ಶ್ವಾಸ, ರಕ್ತಪಿತ್ತ, ಜ್ವರ, ವಾಂತಿ ಉಂಟಾಗುತ್ತವೆ. ಆನೆಯನ್ನು ಎಳೆಯಹೋದ ಸಿಂಹವನ್ನು ವಾಗ್ಭಟರು ಇಲ್ಲಿ ಉಪಮೆಯಾಗಿ ತರುತ್ತಾರೆ.

ಹಾಗಾದರೆ ದೀರ್ಘ ಓಟ ಶಾಸ್ತ್ರವಿರುದ್ಧವೇ? ನಿತ್ಯದ ಅಭ್ಯಾಸವಾಗಿ ಅದು ಸಲ್ಲದು ಎಂಬುದು ನಮ್ಮ ಅಭಿಪ್ರಾಯ. ಆದರೆ ಇಂದಿನ ಅರ್ಧಬಲ ಆರು ತಿಂಗಳ ಕ್ರಮಬದ್ಧ ಅಭ್ಯಾಸದ ನಂತರದ ಅರ್ಧಬಲವಲ್ಲ. ಬಲವನ್ನು ಮೊದಲು ಬೆಳೆಸಿ, ಅನಂತರ ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆಗೊಡ್ಡುವುದು ಬೇರೆ. ಪಂಥ ಕಟ್ಟಿ ಒಮ್ಮೆಲೇ ಧುಮುಕುವುದು ಬೇರೆ.

ಇಳಿಯುವಿಕೆಯನ್ನು ಯಾರೂ ಲಕ್ಷಿಸುವುದಿಲ್ಲ. ಹತ್ತುವಾಗ ಉಸಿರು ದಣಿಯುತ್ತದೆ, ಇಳಿಯುವಾಗ ತೊಡೆಯ ಸ್ನಾಯು ಹರಿಯುತ್ತದೆ. ದೇಹದ ಭಾರವನ್ನು ತಡೆಹಿಡಿಯುವಾಗ ಸ್ನಾಯು ಹಿಗ್ಗುತ್ತಲೇ ಬಿಗಿಯಬೇಕಾಗುವುದರಿಂದ ಅದರ ಎಳೆಗಳಿಗೆ ಪೆಟ್ಟಾಗುತ್ತದೆ. ಆದ್ದರಿಂದ ಇಳಿಯುವುದನ್ನೂ ವಾರಕ್ಕೊಮ್ಮೆ ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಬೇಕು. ಅಭ್ಯಾಸದ ದಿನಗಳಲ್ಲಿ ಉಗುರುಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರಿನ ಸ್ನಾನ, ಸಾಕಷ್ಟು ನಿದ್ರೆ ಹಿತಕರ.

ಆಹಾರ ಮತ್ತು ನೀರು

ಮೂರು ನಾಲ್ಕು ಗಂಟೆ ಮೀರಿದ ಶ್ರಮದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆಯ ಅಂಶ ದೇಹಕ್ಕೆ ಬೇಕು. ಬಾಳೆಹಣ್ಣು, ಬೆಲ್ಲದ ಪಾನಕ, ಎಳ್ಳು ಬೆಲ್ಲದ ಉಂಡೆ, ಉಪ್ಪು ಬೆರೆಸಿದ ರಾಗಿ ಅಂಬಲಿ ಇವು ನಮ್ಮ ಸೀಮೆಯಲ್ಲಿ ಸುಲಭ. ಆ ದಿನ ಹೊಸ ಆಹಾರದ ಪ್ರಯೋಗ ಬೇಡ.

ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯಬೇಕು. ಕಡಿಮೆಯಾದರೂ ಕಷ್ಟ, ಅತಿಯಾದರೂ ಕಷ್ಟ. ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಅಂಶ ಕುಸಿದು ತಲೆನೋವು, ವಾಂತಿ, ಬುದ್ಧಿಭ್ರಮೆ, ಸೆಳವು ಬರಬಹುದು. ಪ್ರಾಣಕ್ಕೂ ಅಪಾಯ.

ನೋವು ನಿವಾರಕ ಮಾತ್ರೆ ನುಂಗಿ ಓಡುವ ರೂಢಿ ಯುವಕರಲ್ಲಿದೆ. ಇದನ್ನು ಖಂಡಿತ ಬಿಡಬೇಕು. ನೀರು ಬತ್ತಿದ ದೇಹದಲ್ಲಿ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿಮಾಡುತ್ತವೆ.

ಜೊತೆಗಾರನ ಐದು ಧರ್ಮಗಳು

1. ಆರಂಭದಲ್ಲಿ ವೇಗ ತಡೆಯುವುದು. ಏರುವಾಗ ನಾಲ್ಕು ಮಾತು ಆಡಲಾಗದಷ್ಟು ಏದುಸಿರು ಬಂದರೆ ನಡೆಸಬೇಕು.

2. ಹಸಿವೆಯಿಲ್ಲವೆಂದರೂ ನೆನಪಿಸಿ ತಿನ್ನಿಸುವುದು.

3. ಗಂಟೆಗೊಮ್ಮೆ ಮಾತನಾಡಿಸುವುದು. ಊರು, ವಾರ, ಮನೆಯವರ ಹೆಸರು ಕೇಳಿದಾಗ ತಡವರಿಸಿದರೆ ಅಲ್ಲಿಗೇ ನಿಲ್ಲಿಸಬೇಕು.

4. ಅಪಾಯದ ಗುರುತು ತಿಳಿದಿರುವುದು. ಮೈ ಸುಡುತ್ತ ತೊದಲುತ್ತಿದ್ದರೆ ಬಿಸಿಲಿನ ಆಘಾತವೆಂದು ತಿಳಿದು, ನೆರಳಿಗೆ ಒಯ್ದು, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಎದೆನೋವು, ಕಣ್ಣುಕತ್ತಲೆ, ಕಪ್ಪು ಕಾಫಿಯಂತಹ ಮೂತ್ರ ಕಂಡರೆ ಆಸ್ಪತ್ರೆಯೇ ದಾರಿ. ನಮ್ಮ ಕಷಾಯಗಳ ಸರದಿ ಆಮೇಲೆ.

5. “ನೀವು ಹೋಗಿ” ಎಂದರೂ ಬಿಟ್ಟು ಹೋಗದಿರುವುದು. ಇದನ್ನು ನಾವು ಕಲಿತ ಬಗೆಯನ್ನು ಮೇಲೆ ಹೇಳಿದ್ದೇವೆ.

ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಉಳ್ಳವರೂ ನಲವತ್ತು ದಾಟಿದವರೂ ವೈದ್ಯರ ತಪಾಸಣೆಯಿಲ್ಲದೆ ಇಂತಹ ಸಾಹಸಕ್ಕಿಳಿಯಬಾರದು. ಜ್ವರ ಬಂದು ಹೋದ ವಾರವೂ ವರ್ಜ್ಯ. ಮಳೆ ಬಿದ್ದಾಗ ಮಧುಗಿರಿಯ ಮೇಲ್ಭಾಗದ ಬಂಡೆ ಬಹಳ ಜಾರುತ್ತದೆ. ಆಗ ಯಾರೂ ಹತ್ತದಿರುವುದು ಲೇಸು.

ಆ ಯುವಕರು ಅಭ್ಯಾಸ ಮುಗಿಸಿ, ಇಬ್ಬರು ಗೆಳೆಯರನ್ನು ಕರೆದುಕೊಂಡು ಬೆಟ್ಟಕ್ಕೆ ಹೋದರಂತೆ. ಮೂರನೆಯ ಸಲ ಇಳಿದಾಗ ಮಾತು ತಡವರಿಸಿತೆಂದು ಗೆಳೆಯರು ಸಾಕೆಂದರು. ಇವರು ವಾದಿಸಿದರು, ಕೋಪಿಸಿಕೊಂಡರು, ಕಡೆಗೆ ಕುಳಿತರು. ಮರುದಿನ ತಂದೆಯವರು ದೂರವಾಣಿ ಮಾಡಿ, “ಐದಕ್ಕೆ ಮೂರೇ ಆಯ್ತಂತೆ ಡಾಕ್ಟ್ರೇ” ಎಂದು ನಕ್ಕರು. ಮಗ ರಾಗಿಮುದ್ದೆ ಉಂಡು ಮಲಗಿದ್ದನಂತೆ. ಉಳಿದೆರಡು ಸಲಕ್ಕೆ ಬೆಟ್ಟ ಅಲ್ಲಿಯೇ ಇರುತ್ತದೆ.